ಎದೆಯೊಳಗೆ ಉಳಿಯುವ ಧೂಳು



ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ರೋಗಿಯನ್ನು ವೈದ್ಯನು ಕೇಳಬೇಕಾದ ಪ್ರಶ್ನೆಗಳ ಸಾಲಿಗೆ ಆತ ಇನ್ನೊಂದನ್ನು ಸೇರಿಸಿದನು: ನಿನ್ನ ಕಸುಬೇನು? ಮೂರು ಶತಮಾನ ಕಳೆದರೂ, ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ಮೊದಲು ಬಿಟ್ಟುಹೋಗುವುದು ಅದೇ ಪ್ರಶ್ನೆ.

ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಅವುಗಳ ಅತಿ ತೆಳುವಾದ ಗೋಡೆಯನ್ನು ದಾಟಿಯೇ ಆಮ್ಲಜನಕವು ರಕ್ತವನ್ನು ಸೇರಬೇಕು. ಈ ಗೋಡೆಗಳು ಉರಿಯೂತದಿಂದ ದಪ್ಪವಾಗುವ, ನಾರುಗಟ್ಟಿ ಬಿಗಿಯಾಗುವ ಹಲವಾರು ಕಾಯಿಲೆಗಳಿಗೆ ಒಟ್ಟಾಗಿ ಇಂಟರ್‌ಸ್ಟಿಷಿಯಲ್ ಶ್ವಾಸಕೋಶ ರೋಗವೆಂದು ಹೆಸರು. ಮೊದಲಿಗೆ ಕಾಣುವುದು ಒಣಕೆಮ್ಮು, ದಿಣ್ಣೆ ಹತ್ತುವಾಗ ಏದುಸಿರು, ಅಷ್ಟೇ. ಗುಡ್ಡದ ಜನರು ಅದನ್ನು ವಯಸ್ಸಿನ ದಣಿವೆಂದು ತಳ್ಳಿಹಾಕುವುದುಂಟು. ಕ್ಷಯವೆಂದೋ ದಮ್ಮೆಂದೋ ತಿಂಗಳುಗಟ್ಟಲೆ ಔಷಧಿ ನಡೆಯುವುದೂ ಉಂಟು.

ಭಾರತದ 19 ನಗರಗಳ 27 ಕೇಂದ್ರಗಳಲ್ಲಿ 1084 ರೋಗಿಗಳನ್ನು ದಾಖಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 47ರಷ್ಟು ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್, ಅಂದರೆ ಉಸಿರಿನೊಡನೆ ಒಳಹೊಕ್ಕ ಬೂಷ್ಟು, ಹಕ್ಕಿಯ ಹಿಕ್ಕೆಯಂಥ ವಸ್ತುಗಳ ಕಣಗಳಿಗೆ ದೇಹವು ತಾನೇ ಕೆರಳುವ ರೋಗ. ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಏರ್‌ಕೂಲರ್ ಗಾಳಿಗೆ ಒಡ್ಡಿಕೊಂಡವರು. ಮಲೆನಾಡಿನಲ್ಲಿ ಕೂಲರ್ ಅಪರೂಪವೆಂದು ಸಮಾಧಾನಪಡುವಂತಿಲ್ಲ. ಇಲ್ಲಿನ ಆಷಾಢದ ಗೋಡೆಗಳಿಗೆ ಬೂಷ್ಟು ಹಿಡಿಸಲು ಯಂತ್ರ ಬೇಕಿಲ್ಲ.

ಹುಲ್ಲಿನ ಮಾತನ್ನು ತುಸು ವಿವರವಾಗಿ ಹೇಳಬೇಕು. ಇಂಗ್ಲೆಂಡಿನಲ್ಲಿ ಕ್ಯಾಂಪ್‌ಬೆಲ್ ಎಂಬ ವೈದ್ಯರು 1932ರಲ್ಲಿ ಬೂಷ್ಟು ಹಿಡಿದ ಒಣಹುಲ್ಲನ್ನು ಕೆದಕಿದ ಆಳುಗಳ ಕಾಯಿಲೆಯನ್ನು ವರ್ಣಿಸಿದರು. ‘ರೈತನ ಶ್ವಾಸಕೋಶ’ವೆಂದು ಮುಂದೆ ಹೆಸರಾದದ್ದು ಅದೇ. ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಬಣವೆಯ ಒಡಲು ಬಿಸಿಯೇರುತ್ತದೆ. ಆ ಬಿಸಿಯಲ್ಲೇ ಬೆಳೆಯುವ ಸೂಕ್ಷ್ಮಜೀವಿಗಳಿವೆ. ಹುಲ್ಲು ಹಿರಿದಾಗ ಅವು ಧೂಳಾಗಿ ಏಳುತ್ತವೆ. ಬೆಳಿಗ್ಗೆ ಹಿರಿದವನಿಗೆ ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಚಳಿಜ್ವರ, ಕೆಮ್ಮು, ಉಬ್ಬಸ. ಒಂದೆರಡು ದಿನದಲ್ಲಿ ಶಮನ. ಬೆಳಗಿನ ಹುಲ್ಲಿಗೂ ರಾತ್ರಿಯ ಜ್ವರಕ್ಕೂ ನಂಟು ಕಲ್ಪಿಸುವವರು ಯಾರು? ಇದು ವರ್ಷಗಟ್ಟಲೆ ಮರುಕಳಿಸಿದರೆ ಗಾಳಿಗೂಡು ನಾರುಗಟ್ಟಬಹುದು. ನಾರುಗಟ್ಟಿದ ಭಾಗ ಮತ್ತೆ ಮೃದುವಾಗದು. ಔಷಧಿಗಳು ಅದರ ಓಟವನ್ನು ನಿಧಾನಗೊಳಿಸಬಲ್ಲವು, ಅಷ್ಟೇ. ಪಾರಿವಾಳ ಸಾಕುವವರ ಕಥೆಯೂ ಇದೇ ಜಾಡಿನದು.

ಕಲ್ಲಿನ ಧೂಳಿನ ಮಾತು ಬೇರೆ. ಅಲ್ಲಿ ದೇಹದ ಕೆರಳಿಕೆಗಿಂತ ಮಾಲೀಕನ ಲೆಕ್ಕಾಚಾರ ದೊಡ್ಡದು. ಮಧ್ಯಪ್ರದೇಶದ ಝಾಬುವಾ, ಅಲಿರಾಜ್‌ಪುರ, ಧಾರ್ ಜಿಲ್ಲೆಗಳ ಆದಿವಾಸಿಗಳು ಗುಜರಾತಿನಲ್ಲಿ ಬೆಣಚುಕಲ್ಲು ಪುಡಿಮಾಡುವ ಕಾರ್ಖಾನೆಗಳಿಗೆ ಕೂಲಿಗೆ ಹೋದರು. ಸಿಲಿಕೋಸಿಸ್ ಹೊತ್ತು ಊರಿಗೆ ಮರಳಿದರು. ಸತ್ತವರಲ್ಲಿ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸುಪ್ರೀಂ ಕೋರ್ಟು ಗುಜರಾತ್ ಸರ್ಕಾರಕ್ಕೆ ಆದೇಶಿಸಿದ್ದು 2016ರಲ್ಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಇದನ್ನೇ ಶಿಫಾರಸು ಮಾಡಿ ಐದು ವರ್ಷಗಳಿಗೂ ಹೆಚ್ಚಾಗಿತ್ತು. ಜಲ್ಲಿ ಕ್ರಷರಿನ ಧೂಳನ್ನು ನೀರು ಚಿಮುಕಿಸಿ, ಯಂತ್ರವನ್ನು ಮುಚ್ಚಿ ತಡೆಯಬಹುದೆಂಬುದು ಹಳೆಯ ತಿಳಿವಳಿಕೆಯೇ. ಮುಖಕ್ಕೆ ಕಟ್ಟಿದ ಟವೆಲಿನಿಂದ ಆ ನುಣ್ಣನೆಯ ಕಣಗಳು ನಿಲ್ಲುವುದಿಲ್ಲ.

ಹುಲ್ಲನ್ನು ಚೆನ್ನಾಗಿ ಒಣಗಿಸಿ ಒಟ್ಟುವುದು, ಬೂಷ್ಟು ಹಿಡಿದ ಕಂತೆಯನ್ನು ಮುಚ್ಚಿದ ಅಟ್ಟದಲ್ಲಿ ಕೊಡವದಿರುವುದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಸುಕು ಧರಿಸುವುದು, ಇಷ್ಟು ಮನೆಯಲ್ಲೇ ಆಗುವಂಥವು. ಆದರೆ ರೋಗ ತಗುಲಿದವನಿಗೆ ವೈದ್ಯರು ಕೊಡುವ ಮೊದಲ ಸಲಹೆ ಆ ಧೂಳಿನಿಂದ ದೂರವಿರು ಎಂಬುದು. ಕೊಟ್ಟಿಗೆಯೇ ಬದುಕಾದವನು, ಕ್ರಷರಿನ ಕೂಲಿಯೇ ಅನ್ನವಾದವಳು ಎಲ್ಲಿಗೆ ದೂರ ಹೋಗಬೇಕು ಎಂಬುದನ್ನು ಚೀಟಿಯಲ್ಲಿ ಬರೆಯಲಾಗದು.

ವಿದ್ಯಾರ್ಥಿಗಳಿಂದ ಆಗಬೇಕಾದ ಕೆಲಸವೊಂದಿದೆ. ಬಿಡದೆ ಕೆಮ್ಮುವ ಹಿರಿಯರ ಪಕ್ಕದಲ್ಲಿ ಕುಳಿತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ವರ್ಷ ಎಲ್ಲಿ ದುಡಿದರು, ಯಾವ ಧೂಳು, ಎಷ್ಟು ಕಾಲ, ನೆಂಟರ ಮನೆಗೆ ಹೋಗಿದ್ದಾಗ ಕೆಮ್ಮು ತಗ್ಗಿತ್ತೇ, ಮನೆಯಲ್ಲಿ ಹಕ್ಕಿಗಳಿವೆಯೇ, ಜೊತೆಗೆ ದುಡಿದವರಲ್ಲಿ ಯಾರಿಗೆ ಹೀಗಾಯಿತು. ಆಸ್ಪತ್ರೆಗೆ ಹೋಗುವಾಗ ಎಕ್ಸ್‌ರೇ ಜೊತೆಗೆ ಆ ಹಾಳೆಯೂ ಹೋಗಲಿ. ಅದರ ಇನ್ನೊಂದು ಪ್ರತಿ ಮನೆಯಲ್ಲಿರಲಿ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕೂಲಿಯವರಿಗೆ ಮುಂದೊಂದು ದಿನ ಪರಿಹಾರ ಕೇಳುವಾಗ ಕೈಯಲ್ಲಿರುವ ಕಾಗದ ಅದೊಂದೇ ಆಗಬಹುದು.