ಯಾವ ವರ್ಷದ ಹಾಗೆ?



ನಿಮ್ಮೂರಿನ ಹಳೆಯ ಛತ್ರವೊಂದನ್ನು ದುರಸ್ತಿ ಮಾಡುವ ಕೆಲಸ ನಿಮಗೆ ಬಂತೆನ್ನಿ. ‘ಮೊದಲಿನ ಹಾಗೆ ಮಾಡಿ’ ಎನ್ನುತ್ತಾರೆ ಹಿರಿಯರು. ಮೊದಲಿನ ಹಾಗೆ ಎಂದರೆ ಯಾವಾಗಿನ ಹಾಗೆ? ಕಟ್ಟಿದ ದಿನದ ಹಾಗೆಯೋ, ನಿಮ್ಮ ತಾತ ಕಂಡ ಕಾಲದ ಹಾಗೆಯೋ? ಸಿಂಗಪುರದ ರಾಫಲ್ಸ್ ಹೋಟೆಲನ್ನು ದುರಸ್ತಿ ಮಾಡುವಾಗಲೂ ಈ ಪ್ರಶ್ನೆ ಎದ್ದಿತ್ತು.

ಅರ್ಮೇನಿಯನ್ ಮೂಲದ ಸಾರ್ಕೀಸ್ ಸಹೋದರರು 1887ರಲ್ಲಿ ಕಡಲ ದಂಡೆಯ ಬಂಗಲೆಯೊಂದರಲ್ಲಿ ಹತ್ತು ಕೋಣೆಗಳ ಹೋಟೆಲು ತೆರೆದರು. ಸಿಂಗಪುರದಲ್ಲಿ ಬ್ರಿಟಿಷರ ನೆಲೆ ಸ್ಥಾಪಿಸಿದ ಸ್ಟ್ಯಾಂಫರ್ಡ್ ರಾಫಲ್ಸನ ಹೆಸರನ್ನೇ ಅದಕ್ಕಿಟ್ಟರು. ಸೂಯೆಜ್ ಕಾಲುವೆಯಿಂದಾಗಿ ಯುರೋಪಿನ ಹಡಗುಗಳು ಹೆಚ್ಚಾಗಿ ಬರುತ್ತಿದ್ದ ಕಾಲವದು. 1899ರಲ್ಲಿ ಬಿಡ್‌ವೆಲ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಮುಖ್ಯ ಕಟ್ಟಡ ಎದ್ದಿತು. ಅದಕ್ಕೆ ಎತ್ತರದ ಚಾವಣಿ, ಅಗಲವಾದ ಜಗಲಿ. ಬಿಸಿಗಾಳಿ ಮೇಲೇರುತ್ತದೆಂದು ನೀವು ಓದಿದ್ದೀರಲ್ಲ, ಆ ಸೆಕೆಯ ನಾಡಿನಲ್ಲಿ ಅದೇ ತತ್ತ್ವ ಕೆಲಸಕ್ಕೆ ಬಂತು. ವಿದ್ಯುತ್ ದೀಪ, ಪಂಖಗಳೂ ಬಂದವು.

1931ರಲ್ಲಿ ಸಾರ್ಕೀಸರ ಸಂಸ್ಥೆ ದಿವಾಳಿಯಾಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾದಾಗ ಹೋಟೆಲಿನ ಹೆಸರು ‘ಸ್ಯೋನಾನ್ ರ್‍ಯೋಕಾನ್’ ಎಂದಾಯಿತು. ಯುದ್ಧ ಮುಗಿದ ಮೇಲೆ, ಬಿಡುಗಡೆಯಾದ ಯುದ್ಧಕೈದಿಗಳು ಕೆಲಕಾಲ ಅಲ್ಲಿ ತಂಗಿದರು.

1987ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. 1989ರಲ್ಲಿ ಬಾಗಿಲು ಮುಚ್ಚಿ ದುರಸ್ತಿ ಆರಂಭಿಸಿದರು. ಹೋಟೆಲಿನ ವೈಭವದ ಕಾಲವೆಂದು 1915ನ್ನು ಆರಿಸಿಕೊಂಡು, ಆಗ ಇದ್ದಂತೆ ಅದನ್ನು ರೂಪಿಸಿ 1991ರಲ್ಲಿ ಮತ್ತೆ ತೆರೆದರು. ಮುಂಬಾಗಿಲಿನ ಎರಕದ ಕಬ್ಬಿಣದ ಮಂಟಪ ಮರಳಿ ಬಂತು. ಆದರೆ ಕಡಲು ಬರಲಿಲ್ಲ. ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡಿದ್ದರಿಂದ ಅದು ದೂರ ಸರಿದಿತ್ತು. ಮುಂದಿನ ಬೀದಿಗೆ ಮಾತ್ರ ಇಂದಿಗೂ ‘ಬೀಚ್ ರೋಡ್’ ಎಂದೇ ಹೆಸರು.

ಇನ್ನು ಆ 1915ರ ಮಾತು. ಅದೇ ವರ್ಷ ಫೆಬ್ರವರಿ 15ರಂದು ಅದೇ ಊರಿನಲ್ಲಿ ಭಾರತೀಯ ಸೇನೆಯ ಐದನೆಯ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳು ದಂಗೆ ಎದ್ದರು. ಅನೇಕರು ಸತ್ತರು. ದಂಗೆ ಅಡಗಿದ ಮೇಲೆ 47 ಸಿಪಾಯಿಗಳನ್ನು ಜನರೆದುರಿಗೇ ಗುಂಡಿಟ್ಟು ಕೊಂದರು. ಹೋಟೆಲಿಗೆ ವೈಭವದ ವರ್ಷವಾಗಿದ್ದುದು ನಮ್ಮ ಸಿಪಾಯಿಗಳಿಗೆ ಸಾವಿನ ವರ್ಷವಾಗಿತ್ತು.

ಹಾಗೆಂದು ದುರಸ್ತಿ ಮಾಡಿದವರು ತಪ್ಪು ಮಾಡಿದರೆನ್ನಲಾರೆ. ಒಂದೇ ಗೋಡೆಗೆ ಎಲ್ಲ ಕಾಲದ ಬಣ್ಣವನ್ನೂ ಬಳಿಯಲಾಗದು, ಒಂದನ್ನು ಆರಿಸಲೇಬೇಕು. ನಮ್ಮ ಸಂಕಲನದ ಕೋಣೆಯಲ್ಲೂ ಅಷ್ಟೆ. ಒಂದು ಗಂಟೆಯ ಚಿತ್ರೀಕರಣದಲ್ಲಿ ಐದು ನಿಮಿಷವನ್ನು ಉಳಿಸಿಕೊಳ್ಳುತ್ತೇವೆ. ನೋಡುವವರಿಗೆ ಆ ಐದು ನಿಮಿಷವೇ ಪೂರ್ತಿ ಸಂಗತಿ. ಕತ್ತರಿಸಿದ್ದು ಏನೆಂದು ಕತ್ತರಿಸಿದವರಿಗಾದರೂ ನೆನಪಿರಬೇಕು.

ಈ ಹೋಟೆಲಿಗೆ 2017ರಿಂದ 2019ರವರೆಗೆ ಇನ್ನೊಮ್ಮೆ ದುರಸ್ತಿ ನಡೆಯಿತು. ಹಳೆಯ ಕಟ್ಟಡದ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ನಿಮ್ಮೂರಿನ ಛತ್ರಕ್ಕೂ ಒಂದು ದಿನ ಸುಣ್ಣ ಬಣ್ಣ ಬಂದೀತು. ಆಗ ಅಲ್ಲಿನ ಹಿರಿಯರನ್ನು ಕೇಳಿ: ಇದು ಯಾವ ವರ್ಷದ ಹಾಗೆ? ಆ ವರ್ಷ ಇಲ್ಲಿ ಯಾರು ಹೇಗಿದ್ದರು? ಅವರು ಹೇಳಿದ್ದನ್ನು ಬರೆದಿಡಿ.