ಪದೇ ಪದೇ ಕೀವುಗಟ್ಟುವ ಮಗು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಇಂದು ಒಂದು ಕಾಯಿಲೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ. ತಿಂಗಳಿಗೆ ಹತ್ತು ದಿನ ಗೈರುಹಾಜರು. ಕತ್ತಿನಲ್ಲಿ ಗಡ್ಡೆ, ಕೀವು, ಜ್ವರ. ಶಾಲೆ ತಪ್ಪಿಸಲು ನೆಪ ಎಂದು ನಾನೇ ಅವನನ್ನು ಎಲ್ಲರೆದುರು ಗದರಿಸಿದ್ದೆ. ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ಅವನ ಯಕೃತ್ತಿನಲ್ಲೂ ಕೀವು ತುಂಬಿರುವುದು ಗೊತ್ತಾಯಿತು. ಕಾಯಿಲೆಯ ಹೆಸರು ಕ್ರಾನಿಕ್ ಗ್ರಾನ್ಯುಲೋಮ್ಯಾಟಸ್ ಡಿಸೀಸ್. ಅಂದು ತಲೆ ತಗ್ಗಿಸಬೇಕಾದವನು ನಾನಾಗಿದ್ದೆ.

1950ರ ದಶಕದಲ್ಲಿ ವೈದ್ಯರು ಗುರುತಿಸಿದ ಈ ಕಾಯಿಲೆ ಹುಟ್ಟಿನಿಂದಲೇ ಬರುವಂಥದ್ದು. ನಮ್ಮ ರಕ್ತದ ಬಿಳಿಕಣಗಳು ರೋಗಾಣುವನ್ನು ನುಂಗಿ, ಆಮ್ಲಜನಕದಿಂದ ತಯಾರಿಸಿದ ತೀಕ್ಷ್ಣ ರಾಸಾಯನಿಕದಿಂದ ಕೊಲ್ಲುತ್ತವೆ. ಈ ಮಕ್ಕಳಲ್ಲಿ ಬಿಳಿಕಣ ನುಂಗುತ್ತದೆ, ಆದರೆ ಕೊಲ್ಲಲಾರದು. ಕಾವಲುಗಾರ ಕಳ್ಳನನ್ನು ಹಿಡಿದಿದ್ದಾನೆ, ಕೈಯಲ್ಲಿ ಲಾಠಿಯಿಲ್ಲ!

ಆದ್ದರಿಂದಲೇ ಬೇರೆ ಮಕ್ಕಳಿಗೆ ಏನೂ ಮಾಡದ ಅಪರೂಪದ ಬ್ಯಾಕ್ಟೀರಿಯಗಳು ಇವರ ಪ್ರಾಣಕ್ಕೇ ಬರುತ್ತವೆ. ಮಣ್ಣಿನಲ್ಲಿ, ತೇವದ ಜಾಗದಲ್ಲಿ ಇರುವ ಸೆರೇಶಿಯಾ ಮತ್ತು ನೊಕಾರ್ಡಿಯಾ. ಮೊದಲು ಈರುಳ್ಳಿ ಕೊಳೆಸುವ ಜೀವಿಯೆಂದು ಹೆಸರಾದ ಬರ್ಕ್‌ಹೋಲ್ಡೇರಿಯಾ ಸೆಪಾಸಿಯಾ. ಬಿಸಿಲುನಾಡಿನ ನಿಂತ ನೀರಿನಲ್ಲಿರುವ ನೇರಳೆ ಬಣ್ಣದ ಕ್ರೋಮೋಬ್ಯಾಕ್ಟೀರಿಯಂ. ಒಂದೇ ಕೆರೆಯಲ್ಲಿ ಹತ್ತು ಮಕ್ಕಳು ಈಜಿದರೆ ಒಂಬತ್ತು ಮಕ್ಕಳು ನಗುತ್ತಾ ಮನೆಗೆ ಬರಬಹುದು, ಹತ್ತನೆಯ ಮಗು ಆಸ್ಪತ್ರೆ ಸೇರಬಹುದು.

ತಾಯಂದಿರೇ, ಈ ಲಕ್ಷಣಗಳನ್ನು ನೆನಪಿಡಿ. ಕತ್ತು ಅಥವಾ ಕಂಕುಳಿನ ಗಡ್ಡೆ ಮತ್ತೆ ಮತ್ತೆ ಕೀವುಗಟ್ಟುವುದು, ಯಕೃತ್ತಿನಲ್ಲಿ ಕೀವು, ಪದೇ ಪದೇ ನ್ಯುಮೋನಿಯಾ, ಬಿಸಿಜಿ ಲಸಿಕೆ ಹಾಕಿಸಿದ ಕಡೆಯ ಕಂಕುಳು ವಿಪರೀತ ಬಾತುಕೊಳ್ಳುವುದು. ಇವು ಕಂಡರೆ ದೃಷ್ಟಿಯಾಗಿದೆ ಎಂದು ಸುಮ್ಮನಿರಬೇಡಿ. ಮಗುವಿನ ರೋಗನಿರೋಧಕ ಶಕ್ತಿಯನ್ನು ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಡಿಎಚ್‌ಆರ್ ಎಂಬ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಹಾಗೆಂದು ಯಾರೂ ಹೆದರಿ ಲಸಿಕೆ ನಿಲ್ಲಿಸಬಾರದು. ಮನೆಯಲ್ಲಿ ಒಂದು ಮಗುವಿಗೆ ಈ ಕಾಯಿಲೆ ಇದ್ದರೆ ಮಾತ್ರ, ಮುಂದಿನ ಮಗುವಿಗೆ ಬಿಸಿಜಿ ಹಾಕಿಸುವ ಮೊದಲು ವೈದ್ಯರಿಗೆ ತಿಳಿಸಿ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಈ ಕಾಯಿಲೆಯ ಒಂದು ಬಗೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಇನ್ನೊಂದು ಬಗೆಗೆ ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷ ಅಡಗಿರಬೇಕು. ಆಗ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಖಾಲಾ, ಫೂಫಿಯ ಮಕ್ಕಳ ನಡುವೆ ನಮ್ಮಲ್ಲಿ ಸಂಬಂಧ ಬೆಳೆಸುತ್ತೇವೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ನೆರೆಹೊರೆಯವರೂ ಇದ್ದಾರೆ. ಇದು ಯಾರನ್ನೂ ದೂರುವ ಮಾತಲ್ಲ. ಮನೆತನದಲ್ಲಿ ಇಂಥ ಮಕ್ಕಳು ತೀರಿಕೊಂಡಿದ್ದರೆ ಮಾತು ಗಟ್ಟಿಯಾಗುವ ಮುನ್ನ ತಜ್ಞರ ಸಲಹೆ ಪಡೆಯಿರಿ. ಸೊಸೆಯ ಮೇಲೆ ತಪ್ಪು ಹೊರಿಸಬೇಡಿ.

ಚಿಕಿತ್ಸೆ ಇದೆ. ದಿನವೂ ಕೋಟ್ರೈಮಾಕ್ಸಜೋಲ್, ಜೊತೆಗೆ ಶಿಲೀಂಧ್ರಕ್ಕೆ ಇಟ್ರಾಕೊನಜೋಲ್ ಕೊಟ್ಟರೆ ಸೋಂಕು ಬಹಳಷ್ಟು ತಗ್ಗುತ್ತದೆ. ಕೊಳೆತ ಎಲೆ, ಗೊಬ್ಬರದ ಗುಂಡಿ, ಹಳೆಯ ಹುಲ್ಲಿನ ಬಣವೆಗಳಿಂದ ಮಗುವನ್ನು ದೂರವಿಡಬೇಕು. ಅಸ್ಥಿಮಜ್ಜೆ ಕಸಿಯಿಂದ ಪೂರ್ತಿ ಗುಣವಾಗಬಹುದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ಕಾಯಿಲೆಯೂ ಸೇರಿದೆ. ನಿಗದಿತ ಕೇಂದ್ರಗಳ ಮೂಲಕ ಸರ್ಕಾರದ ನೆರವು ಕೋರಬಹುದು.

ವಿದ್ಯಾರ್ಥಿಗಳೇ, ಇದು ಅಂಟುರೋಗವಲ್ಲ. ಅಂಥ ಗೆಳೆಯನ ಪಕ್ಕದಲ್ಲಿ ಕುಳಿತುಕೊಳ್ಳಿ, ತಪ್ಪಿದ ಪಾಠ ಬರೆದುಕೊಡಿ. ಶಿಕ್ಷಕ ಮಿತ್ರರೇ, ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುವ ಮುನ್ನ ಒಮ್ಮೆ ಆ ಮಗುವಿನ ಮನೆಗೆ ಹೋಗಿ ಬನ್ನಿ. ನಾನು ತಡವಾಗಿ ಹೋದೆ. ನೀವು ತಡಮಾಡಬೇಡಿ.