ಅಮಾನತ್ ಮತ್ತು ಅಮಾನತು
(ಸಂಘದ ವಾರ್ಷಿಕ ಸಭೆಯ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಯನ್ನು ವೇದಿಕೆಗೆ ಕರೆದರೆ ಸಾಮಾನ್ಯವಾಗಿ ಮಾತೃಭಾಷೆಯ ಬಗ್ಗೆ ಅಥವಾ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತನಾಡಲು ಹೇಳುತ್ತಾರೆ. ಈ ಸಲ ದ್ವಿಚಕ್ರ ವಾಹನದ ಲೈಸೆನ್ಸ್ ಮತ್ತು ಸವಾರಿಯ ಅಪಾಯ ಎಂಬ ವಿಷಯವನ್ನು ನಾನೇ ಕೇಳಿ ಪಡೆದುಕೊಂಡೆ. ಕಾರಣವನ್ನು ಹೊರಗೆ ಹೋಗಿ ನೋಡಬಹುದು. ಗೇಟಿನಿಂದ ಮೆಟ್ಟಿಲಿನವರೆಗೆ ಬೈಕುಗಳು ಸಾಲಾಗಿ ನಿಂತಿವೆ. ಹೆಲ್ಮೆಟ್ ಇರುವುದು ಬೆರಳೆಣಿಕೆಯ ಬೈಕುಗಳ ಮೇಲೆ. ಒಂಬತ್ತು ಹತ್ತನೇ ತರಗತಿಯ ಹುಡುಗರ ಬೆರಳಲ್ಲಿ ಕೀ ತಿರುಗುತ್ತಿರುವುದನ್ನೂ ನೋಡಿಕೊಂಡೇ ಒಳಗೆ ಬಂದೆ.

ನಾನು ಭಾಷೆಯ ಶಿಕ್ಷಕಿ. ಆದ್ದರಿಂದ ಒಂದು ಶಬ್ದದಿಂದ ಆರಂಭಿಸುತ್ತೇನೆ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ನಮ್ಮ ವಶಕ್ಕೆ ಒಪ್ಪಿಸಿದ ವಸ್ತು. ಅದನ್ನು ಕೆಡದಂತೆ ಕಾಪಾಡಿ ಹಿಂದಿರುಗಿಸಬೇಕು. ಅದೇ ಶಬ್ದ ಕನ್ನಡಕ್ಕೆ ಬಂದು ‘ಅಮಾನತು’ ಆಗಿದೆ. ಆದರೆ ಪತ್ರಿಕೆಯಲ್ಲಿ "ಲೈಸೆನ್ಸ್ ಅಮಾನತು" ಎಂದು ಓದಿದರೆ, ಅದನ್ನು ತಡೆಹಿಡಿದಿದ್ದಾರೆ ಎಂದರ್ಥ. ಎರಡು ಭಾಷೆಗಳ ನಡುವೆ ಬದುಕುವ ನನಗೆ ಈ ಎರಡು ಅರ್ಥಗಳನ್ನು ಜೋಡಿಸಿ ಓದುವುದು ಅಭ್ಯಾಸವಾಗಿದೆ. ಲೈಸೆನ್ಸ್ ಒಂದು ಅಮಾನತ್. ರಸ್ತೆಯಲ್ಲಿ ನಡೆಯುವ ಅಪರಿಚಿತರೆಲ್ಲರ ಜೀವವನ್ನು ಸರ್ಕಾರ ನಿಮ್ಮನ್ನು ನಂಬಿ ಒಪ್ಪಿಸಿದೆ. ಆ ನಂಬಿಕೆ ಮುರಿದರೆ ಅದು ಕನ್ನಡದ ಅಮಾನತು ಆಗುತ್ತದೆ. ಇದು ಬರೀ ಮಾತಿನ ಚಮತ್ಕಾರವಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಡಿ ಕಲಮಿನ ಪ್ರಕಾರ ಹೆಲ್ಮೆಟ್ ಇಲ್ಲದೆ ಓಡಿಸಿದವರಿಗೆ ದಂಡವಲ್ಲದೆ ಮೂರು ತಿಂಗಳು ಲೈಸೆನ್ಸ್ ಹೊಂದುವ ಅರ್ಹತೆಯೂ ಇಲ್ಲವಾಗುತ್ತದೆ.

ಇನ್ನು ಅಪಾಯದ ಮಾತು. ಇದಕ್ಕೆ ನನ್ನದೇ ಉದಾಹರಣೆ ಹೇಳಬೇಕಾಗಿದೆ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ ನನ್ನ ಶಾಲೆ ಮನೆಯಿಂದ 11 ಕಿಲೋಮೀಟರ್ ದೂರದಲ್ಲಿತ್ತು. ಬಸ್ಸು ಇತ್ತು, ಆದರೆ ಶಾಲೆಯ ವೇಳೆಗೆ ಹೊಂದುತ್ತಿರಲಿಲ್ಲ. ಆರು ವರ್ಷ ನಮ್ಮ ಮನೆಯವರೇ ಬೈಕಿನಲ್ಲಿ ಬಿಟ್ಟು ಬಂದರು. ನಾನು ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂರುತ್ತಿದ್ದೆ. ತಲೆಗೆ ಹೆಲ್ಮೆಟ್ ಇಲ್ಲ, ತೊಡೆಯ ಮೇಲೆ ಪುಸ್ತಕದ ಚೀಲ, ಕೆಲವು ದಿನ ಮಗುವೂ ಇರುತ್ತಿತ್ತು. ಬುರ್ಖಾದ ಅಂಚು ಚಕ್ರದ ಪಕ್ಕದಲ್ಲಿ ಹಾರಾಡುತ್ತಿತ್ತು. ಇದನ್ನು ನೋಡಿ ಯಾರೊಬ್ಬರೂ ಅಪಾಯ ಎನ್ನಲಿಲ್ಲ. ಎಲ್ಲರ ಮನೆಯಲ್ಲೂ ಹೀಗೆಯೇ ತಾನೇ?

ಒಂದು ಮಳೆಗಾಲದ ಬೆಳಿಗ್ಗೆ ಆ ಅಂಚು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಉಬ್ಬಿನ ಹತ್ತಿರ ಗಾಡಿ ನಿಧಾನವಾಗಿದ್ದರಿಂದ ಮೊಣಕೈ ಮುರಿದು ಬಚಾವಾದೆ. ಅಂದು ಮಗು ಜೊತೆಯಲ್ಲಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್. ಪಟ್ಟಿ ಬಿಚ್ಚಿದ ಮೇಲೆ ಏನಾಯಿತು? ಮತ್ತೆ ಅದೇ ಬೈಕು, ಅದೇ ಒಂದು ಬದಿಯ ಕೂರಾಟ, ಅದೇ ಬರಿದಾದ ತಲೆ. ನಾನೇ ಸ್ಕೂಟರ್ ಕಲಿಯುತ್ತೇನೆ, ಲೈಸೆನ್ಸ್ ಮಾಡಿಸುತ್ತೇನೆ ಎಂದಾಗ ಮಾತ್ರ ಮನೆ ಎದ್ದು ಕುಳಿತಿತು. "ಬೇಟಿ, ಅದು ಅಪಾಯ" ಎಂದರು ನಮ್ಮ ಅತ್ತೆಯವರು. ಅವರ ಮಾತಿನಲ್ಲಿ ಪ್ರೀತಿಯಿತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂದು ರಾತ್ರಿ ನನಗೊಂದು ವಿಷಯ ಹೊಳೆಯಿತು. ನಾವು ಅಪಾಯವನ್ನು ತಕ್ಕಡಿಯಲ್ಲಿ ತೂಗುವುದೇ ಇಲ್ಲ. ರೂಢಿಯಾದದ್ದನ್ನು ಕ್ಷೇಮ ಎನ್ನುತ್ತೇವೆ, ಹೊಸದನ್ನು ಅಪಾಯ ಎನ್ನುತ್ತೇವೆ.

ಹಾಗಾದರೆ ತೂಗಿ ನೋಡೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಅಂದರೆ ನೂರಕ್ಕೆ 44ಕ್ಕೂ ಹೆಚ್ಚು. ಹೆಲ್ಮೆಟ್ ಧರಿಸದೆ ಸತ್ತವರು 50,029. ಇದರಲ್ಲಿ 14,337 ಮಂದಿ ಹಿಂದೆ ಕುಳಿತವರು. ಈ ಕೊನೆಯ ಸಂಖ್ಯೆಯನ್ನು ತಾಯಂದಿರು ನೆನಪಿಡಬೇಕು. ಓಡಿಸುವವನ ತಲೆಯಷ್ಟೇ ಮೆದು, ಹಿಂದೆ ಕುಳಿತವಳ ತಲೆ. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಓಡಿಸುವವರಿಗೆ ಬೆಲ್ಟಿನಿಂದ ಬಿಗಿದು, 40 ಕಿಲೋಮೀಟರ್ ವೇಗ ಮೀರದೆ ಕರೆದೊಯ್ಯಬೇಕೆಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಿಂದ ಇದೆ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ಟೂ ಬೇಕು. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿ ಮದುವೆಗೆ ಹೊರಡುವ ನಾವು ಈ ನಿಯಮವನ್ನು ಕೇಳಿಯೇ ಇಲ್ಲ.

ಹೆಲ್ಮೆಟ್ಟಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೂ ಉತ್ತರವಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಪಘಾತದಲ್ಲಿ ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ ಸುಮಾರು 42ರಷ್ಟು, ತಲೆಯ ಪೆಟ್ಟಿನ ಸಂಭವವನ್ನು ಸುಮಾರು 69ರಷ್ಟು ತಗ್ಗಿಸುತ್ತದೆಂದು ಕಂಡುಬಂದಿದೆ. ಪೂರ್ತಿ ರಕ್ಷಣೆ ಅಲ್ಲ, ನಿಜ. ಆದರೆ ಅರ್ಧದಷ್ಟು ಅಪಾಯವನ್ನು ಒಂದು ಪಟ್ಟಿ ಬಿಗಿಯುವುದರಿಂದ ಇಳಿಸಬಹುದಾದರೆ ಬಿಗಿಯದೆ ಇರಲು ಯಾವ ಸಬೂಬು ಉಳಿಯುತ್ತದೆ?

ವಿಜ್ಞಾನ ಓದುವ ಮಕ್ಕಳಿಗೆ ಒಂದು ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. 60ರಲ್ಲಿ ಸುಮಾರು 17 ಮೀಟರ್. ಎದುರಿಗೆ ದನ ಬಂದದ್ದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದೇ ಹೋಗಿರುತ್ತದೆ. ಇನ್ನು ಗೋಡೆಗೆ ಡಿಕ್ಕಿ ಹೊಡೆದರೆ? 40ರ ವೇಗದ ಡಿಕ್ಕಿ 6 ಮೀಟರ್ ಎತ್ತರದಿಂದ, ಅಂದರೆ ಎರಡು ಅಂತಸ್ತಿನ ತಾರಸಿಯಿಂದ ಬಿದ್ದದ್ದಕ್ಕೆ ಸಮ. 60ರದು 14 ಮೀಟರ್, ನಾಲ್ಕು ಅಂತಸ್ತು. ವೇಗ ಒಂದೂವರೆ ಪಟ್ಟಾದರೆ ಬೀಳುವ ಎತ್ತರ ಎರಡು ಪಟ್ಟಿಗಿಂತ ಹೆಚ್ಚು. ನಾಲ್ಕನೇ ಅಂತಸ್ತಿನ ತಾರಸಿಯ ಅಂಚಿನಲ್ಲಿ ಮೊಬೈಲ್ ನೋಡುತ್ತಾ ನಡೆಯುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ? ಬೈಕಿನ ಮೇಲೆ ಮಾತ್ರ ಅದೇ ಕೆಲಸ ಸಲೀಸಾಗಿ ಮಾಡುತ್ತೀರಿ.

ಈಗ ಲೈಸೆನ್ಸ್ ಪಡೆಯುವ ದಾರಿ. ನಾನು ನಡೆದು ಬಂದದ್ದರಿಂದ ಹೇಳಬಲ್ಲೆ. ಮೊದಲು ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ರಸ್ತೆ ಚಿಹ್ನೆ ಮತ್ತು ನಿಯಮಗಳ ಪರೀಕ್ಷೆ ಬರೆದು ಕಲಿಕಾ ಲೈಸೆನ್ಸ್, ಅಂದರೆ ಎಲ್.ಎಲ್. ಪಡೆಯಬೇಕು. ಅದರ ಅವಧಿ ಆರು ತಿಂಗಳು. ಎಲ್.ಎಲ್. ಸಿಕ್ಕ ಮೂವತ್ತು ದಿನಗಳ ನಂತರವೇ ಚಾಲನಾ ಪರೀಕ್ಷೆಗೆ ಹೋಗಬಹುದು. ಈ ಅವಧಿಯಲ್ಲಿ ಗಾಡಿಯ ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಪರೀಕ್ಷೆಯಲ್ಲಿ 8ರ ಆಕಾರದಲ್ಲಿ ಕಾಲು ನೆಲಕ್ಕೆ ತಾಗಿಸದೆ ಓಡಿಸಿ ತೋರಿಸಬೇಕು.

ಮೊದಲ ಸಲ ನಾನು ಫೇಲಾದೆ. ಎಂಟರ ನಡುವಿನ ತಿರುವಿನಲ್ಲಿ ಎಡಗಾಲು ಊರಿದೆ. ಮಕ್ಕಳಿಗೆ ಅಂಕ ಹಾಕುವ ನನಗೆ ಅವಮಾನವೆನಿಸಿತು. ಹೊರಗೆ ನಿಂತಿದ್ದ ಒಬ್ಬರು ಹತ್ತಿರ ಬಂದು, "ಮೇಡಂ, ಇಷ್ಟು ಕೊಟ್ಟರೆ ಟೆಸ್ಟ್ ಇಲ್ಲದೇ ಮಾಡಿಸಿಕೊಡ್ತೀನಿ" ಎಂದರು. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಮನಸ್ಸು ಅತ್ತ ವಾಲಿತು. ನಂತರ ಯೋಚಿಸಿದೆ: ಬರೆಯದ ಪರೀಕ್ಷೆಗೆ ಹಾಕಿದ ಅಂಕದ ಹಾಗೆ ಇದು. ಸುಳ್ಳು ಸಾಕ್ಷಿ ದೊಡ್ಡ ಪಾಪಗಳಲ್ಲಿ ಒಂದು ಎಂದು ತರಗತಿಯಲ್ಲಿ ಕಲಿಸುವ ನಾನು, ಓಡಿಸಲು ಬರುತ್ತದೆಂಬ ಸುಳ್ಳು ಸಾಕ್ಷಿಯನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಲೇ? ಫೇಲಾದವರಿಗೆ ಏಳು ದಿನಗಳ ನಂತರ ಮತ್ತೆ ಅವಕಾಶವಿದೆ. ಈದ್ಗಾ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಫಜರ್ ನಮಾಝಿನ ನಂತರ ಪ್ರತಿದಿನ ಅಭ್ಯಾಸ ಮಾಡಿದೆ. ಎರಡನೇ ಸಲ ಪಾಸಾದೆ. ಆ ತಿರುವು ಇಂದಿಗೂ ನನಗೆ ಕೆಲಸಕ್ಕೆ ಬರುತ್ತಿದೆ. ದುಡ್ಡು ಕೊಟ್ಟಿದ್ದರೆ ಕಾರ್ಡು ಬರುತ್ತಿತ್ತು, ತಿರುವು ಬರುತ್ತಿರಲಿಲ್ಲ.

ಹದಿನೆಂಟು ತುಂಬದ ಹುಡುಗರೇ, ನೀವು ನನ್ನ ಮೇಲೆ ಮುನಿಸಿಕೊಳ್ಳುವ ಮಾತು ಈಗ ಬರುತ್ತದೆ. ಗೇರ್ ಇಲ್ಲದ ಸ್ಕೂಟರಿಗೆ ಹದಿನಾರು ಸಾಕು ಎಂದು ನಿಮಗೆ ಯಾರೋ ಹೇಳಿದ್ದಾರೆ. ಅದು ಅರ್ಧ ಸತ್ಯ. ಆ ರಿಯಾಯಿತಿ ಇರುವುದು 50 ಸಿ.ಸಿ. ಮೀರದ ಎಂಜಿನ್ನಿಗೆ ಮಾತ್ರ, ಅದೂ ಲೈಸೆನ್ಸ್ ಪಡೆದ ಮೇಲೆ. ನಮ್ಮ ಮನೆಗಳ ಮುಂದೆ ನಿಂತಿರುವ 110, 125 ಸಿ.ಸಿ. ಸ್ಕೂಟರುಗಳಿಗೆ ಹದಿನೆಂಟು ಆಗಲೇಬೇಕು. ತಂದೆಯಂದಿರೇ, 2019ರ ತಿದ್ದುಪಡಿಯ 199ಎ ಕಲಮನ್ನು ತಿಳಿದುಕೊಳ್ಳಿ. ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರು ಅಥವಾ ಗಾಡಿಯ ಮಾಲೀಕರು ತಪ್ಪಿತಸ್ಥರೆಂದೇ ಕಾನೂನು ಭಾವಿಸುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಅಪಘಾತವಾದರೆ ಪರಿಹಾರದ ಹೊರೆಯೂ ಮಾಲೀಕರ ಮೇಲೆ ಬೀಳಬಹುದು. "ಮಗ ಹಾಲು ತರೋಕೆ ಹೋಗಿದ್ದ ಅಷ್ಟೇ" ಎಂಬ ಮಾತು ಠಾಣೆಯಲ್ಲಿಯೂ ನಡೆಯುವುದಿಲ್ಲ, ಆಸ್ಪತ್ರೆಯಲ್ಲಿಯೂ ನಡೆಯುವುದಿಲ್ಲ.

ನಮ್ಮಲ್ಲಿ ಇನ್ನೊಂದು ಮಾತಿದೆ: "ಮೌತ್ ಬರೆದಿದ್ದರೆ ಮನೆಯಲ್ಲೂ ಬರುತ್ತೆ." ಆಯುಷ್ಯ ಅಲ್ಲಾಹನ ಕೈಯಲ್ಲಿದೆ ಎಂಬುದರಲ್ಲಿ ಮೋಮಿನನಿಗೆ ಸಂಶಯವಿಲ್ಲ. ಆದರೆ ಒಂಟೆಯನ್ನು ಮೊದಲು ಕಟ್ಟಿಹಾಕಿ, ಆಮೇಲೆ ತವಕ್ಕುಲ್ ಮಾಡಬೇಕೆಂಬ ಪ್ರವಾದಿಯವರ ಬೋಧನೆಯನ್ನೂ ನಾವೆಲ್ಲ ಮದ್ರಸದಲ್ಲಿಯೇ ಕಲಿತಿದ್ದೇವೆ. ಇಂದು ನಿಮ್ಮ ಬಳಿ ಒಂಟೆಯಿಲ್ಲ. ಹೆಲ್ಮೆಟ್ಟಿನ ಗಲ್ಲದ ಪಟ್ಟಿಯೇ ಆ ಹಗ್ಗ. ಅದನ್ನು ಬಿಗಿಯದೆ ಹಣೆಬರಹದ ಮಾತಾಡಿದರೆ ಅದಕ್ಕೆ ತವಕ್ಕುಲ್ ಎನ್ನುವುದಿಲ್ಲ, ಉದಾಸೀನ ಎನ್ನುತ್ತಾರೆ. ಈ ಶರೀರವೂ ಒಂದು ಅಮಾನತ್ತೇ ಅಲ್ಲವೇ?

ಹಾಗೆಂದು ಎಲ್ಲರೂ ಬೈಕು ಹತ್ತಿ ಎಂದು ನಾನು ಹೇಳುತ್ತಿಲ್ಲ. ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪ್ರಯಾಣ ಅಗತ್ಯವೇ? ಬಸ್ಸಿನಲ್ಲಿ ಹೋಗಬಹುದೇ? ಬೈಕಿನಲ್ಲೇ ಹೋಗಬೇಕಾದರೆ ನಾನು ಸಿದ್ಧನಿದ್ದೇನೆಯೇ? ಬಸ್ಸು ಬೈಕಿಗಿಂತ ಬಹಳ ಸುರಕ್ಷಿತ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳು ಉಚಿತವೂ ಆದವು. ವೇಳೆ ಹೊಂದುವ ದಿನ ನಾನೂ ಬಸ್ಸಿನಲ್ಲೇ ಹೋಗುತ್ತೇನೆ. ಹೊಂದದ ದಿನ ಸ್ಕೂಟರ್. ಅಂದು ಐ.ಎಸ್.ಐ. ಗುರುತಿನ ಹೆಲ್ಮೆಟ್, ಕಾಲುಚೀಲ, ಬೂಟು. ಹೆಣ್ಣುಮಕ್ಕಳಿಗೆ ಎರಡು ಸೂಚನೆ. ಹೆಲ್ಮೆಟ್ಟಿನ ಒಳಗೆ ಸ್ಕಾರ್ಫಿಗೆ ಪಿನ್ನು ಚುಚ್ಚಬೇಡಿ, ಹೊಲಿದ ಸ್ಕಾರ್ಫ್ ಧರಿಸಿ. ಬುರ್ಖಾದ ಅಂಚನ್ನು, ದುಪಟ್ಟಾದ ತುದಿಯನ್ನು ಎತ್ತಿ ಕಟ್ಟಿಕೊಳ್ಳಿ. ಹಿಂದೆ ಕೂರುವವರ ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಮರೆ ಇರಬೇಕೆಂದು ನಿಯಮವೇ ಇದೆ. ಅಂದಕ್ಕಾಗಿ ಅದನ್ನು ಬಿಚ್ಚಿಸಬೇಡಿ.

ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಸುತ್ತು ನಿಂತು ವೀಡಿಯೋ ಮಾಡಬೇಡಿ. 108ಕ್ಕೆ ಕರೆ ಮಾಡಿ. ಸದುದ್ದೇಶದಿಂದ ನೆರವಾದವರಿಗೆ 2019ರ ತಿದ್ದುಪಡಿಯ 134ಎ ಕಲಮು ಕಾನೂನಿನ ರಕ್ಷಣೆ ಕೊಟ್ಟಿದೆ. ಪೊಲೀಸರ ಭಯ ಬೇಡ.

ಕೊನೆಯ ಮಾತು. ನಾನು ಸ್ಕೂಟರ್ ತಂದ ಮೊದಲ ದಿನ "ಅದು ಅಪಾಯ" ಎಂದಿದ್ದ ನಮ್ಮ ಅತ್ತೆಯವರು, ಈಗ ನಾನು ಹೆಲ್ಮೆಟ್ ಇಲ್ಲದೆ ಅಂಗಳಕ್ಕಿಳಿದರೆ ಬಾಗಿಲಲ್ಲಿ ತಡೆಯುತ್ತಾರೆ. ಎಲ್ಲ ಮನೆಗಳಲ್ಲೂ ಹೀಗೆ ತಡೆಯುವ ಒಬ್ಬರು ಇರಲಿ. ಇಂದು ಸಭೆ ಮುಗಿದ ಮೇಲೆ ಲೈಸೆನ್ಸ್ ಇಲ್ಲದ ಮಕ್ಕಳು ಕೀಯನ್ನು ಅಬ್ಬಾನ ಕೈಗೆ ಒಪ್ಪಿಸಿ ಮನೆಗೆ ಹೋಗಬೇಕೆಂದು ನಿಮ್ಮ ಶಿಕ್ಷಕಿಯಾಗಿ ಕೇಳಿಕೊಳ್ಳುತ್ತೇನೆ. ಹದಿನೆಂಟಾದ ದಿನ ನನ್ನ ಬಳಿ ಬನ್ನಿ. ಈದ್ಗಾ ಮೈದಾನದಲ್ಲಿ ಎಂಟರ ಗೆರೆಯನ್ನು ನಾನೇ ಎಳೆದು ಕೊಡುತ್ತೇನೆ.

ಅಲ್ಲಾಹನು ನಮ್ಮೆಲ್ಲರ ಪ್ರಯಾಣವನ್ನು ಕ್ಷೇಮಗೊಳಿಸಲಿ. ಆಮೀನ್. ವಸ್ಸಲಾಮ್.